ಹುಲ್ಲು, ದಿಂಡು, ಸಿಪ್ಪೆ: ಯಾವ ಬೂಸ್ಟಿಗೆ ಯಾವ ಕೆಲಸ?

ಭತ್ತದ ಹುಲ್ಲು, ಕಬ್ಬಿನ ರವದಿ, ಮೆಕ್ಕೆಜೋಳದ ದಿಂಡು, ಕಾಫಿ ಸಿಪ್ಪೆ. ಇವುಗಳ ಮೇಲೆ ಬೂಸ್ಟು ಬೆಳೆಸಿ ಬೆಲೆಬಾಳುವ ಕೆಮಿಕಲ್ ತೆಗೆಯಬಹುದು ಅಂತ ಎಲ್ಲೋ ಓದಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವುದು ಮಾಡಿದರೆ ಜಾಸ್ತಿ ದುಡ್ಡು?" ಎಥನಾಲೋ, ಸಿಟ್ರಿಕ್ ಆಮ್ಲವೋ, ಲ್ಯಾಕ್ಟಿಕ್ ಆಮ್ಲವೋ, ಕಿಣ್ವವೋ (ಎಂಜೈಮ್)?

ಲ್ಯಾಬಿನಲ್ಲಿ ಇವೆಲ್ಲವೂ ಆಗುತ್ತವೆ. ಬೂಸ್ಟು ತನ್ನ ಕೆಲಸ ತಾನು ಮಾಡುತ್ತದೆ. ದುಡ್ಡು ಕರಗುವುದು ಅದಕ್ಕೆ ಮೊದಲು ಮತ್ತು ಅದರ ನಂತರ. ಮೊದಲು, ಗಟ್ಟಿ ನಾರಿನಿಂದ ಸಕ್ಕರೆ ಬಿಡಿಸುವಾಗ. ಆಮೇಲೆ, ಬಂದ ಸರಕನ್ನು ಶುದ್ಧ ಮಾಡುವಾಗ. ಈ ಎರಡು ಖರ್ಚನ್ನು ಮುಂದಿಟ್ಟುಕೊಂಡೇ ಇಲ್ಲಿ ಹೋಲಿಸಿದ್ದೇನೆ. ರೈತ ಉತ್ಪಾದಕ ಸಂಸ್ಥೆ, ಸಣ್ಣ ಉದ್ಯಮ, ಬಯೋಟೆಕ್ ಓದಿ ಊರಲ್ಲೇ ಏನಾದರೂ ಮಾಡಬೇಕೆಂದಿರುವವರು, ಇವರನ್ನು ಮನಸ್ಸಲ್ಲಿಟ್ಟು ಬರೆದದ್ದು. ದೊಡ್ಡ ಕಂಪನಿಯವರ ಲೆಕ್ಕವೇ ಬೇರೆ.

ನಿಮ್ಮ ಕೈಯಲ್ಲಿರುವುದು ನಿಜಕ್ಕೂ ಕಸವೇ?

ರಾಗಿ ಹುಲ್ಲನ್ನು ಯಾರಾದರೂ ಕಸ ಅಂದರೆ ನಮ್ಮ ಕಡೆ ದನ ಕಟ್ಟಿದವರು ನಗುತ್ತಾರೆ. ಬಿಳಿಜೋಳದ ಕಣಿಕೆಯೂ ಅಷ್ಟೇ. ಮನುಷ್ಯ ತಿನ್ನುವುದಿಲ್ಲ ನಿಜ, ಆದರೆ ದನ ತಿನ್ನುತ್ತದೆ, ಅದಕ್ಕೆ ಬೆಲೆ ಇದೆ. ಬರಗಾಲದಲ್ಲಂತೂ ಆ ಬೆಲೆ ಕೇಳುವ ಹಾಗೇ ಇಲ್ಲ. ಇಂಥದ್ದರ ಮೇಲೆ ಉದ್ಯಮ ಕಟ್ಟಬೇಡಿ. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಗೂ ಇದೇ ಮಾತು. ಅದನ್ನು ಕಾರ್ಖಾನೆಯವರೇ ಬಾಯ್ಲರಿಗೆ ಹಾಕಿ ಕರೆಂಟು ಮಾಡಿಕೊಳ್ಳುತ್ತಾರೆ, ನಿಮಗೆ ಅಗ್ಗಕ್ಕೆ ಕೊಡುವುದಿಲ್ಲ.

ಹಾಗಾದರೆ ಉಳಿಯುವುದು ಯಾವುದು? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಂಬೈನ್ ಯಂತ್ರ ಕೊಯ್ದ ಗದ್ದೆಗಳ ಭತ್ತದ ಹುಲ್ಲು. ಎಷ್ಟೋ ಕಡೆ ಅದಕ್ಕೆ ಬೆಂಕಿ ಇಡುತ್ತಾರೆ. ಕಬ್ಬು ಕಡಿದ ಮೇಲಿನ ರವದಿಗೂ ಅದೇ ಗತಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಬೀಳುವ ದಿಂಡು. ಕೊಡಗು, ಚಿಕ್ಕಮಗಳೂರು, ಹಾಸನದ ಎಸ್ಟೇಟುಗಳಲ್ಲಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬೀಳುವ ಕಾಫಿ ಸಿಪ್ಪೆ. ಮಲೆನಾಡಿನ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿರುವ ಅಡಿಕೆ ಸಿಪ್ಪೆ.

ಎಲ್ಲವೂ ನಾರೇ ಆದರೂ ಒಳಗಿನ ಸರಕು ಒಂದೇ ಅಲ್ಲ. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಅಂದರೆ ಸಕ್ಕರೆಗಳ ಸರಪಳಿ, ಲಿಗ್ನಿನ್ ಅಂದರೆ ಅವನ್ನು ಹಿಡಿದಿಡುವ ಗಟ್ಟಿ ಅಂಟು. ಮೆಕ್ಕೆಜೋಳದ ದಿಂಡಿನಲ್ಲಿ ಹೆಮಿಸೆಲ್ಯುಲೋಸ್ ಜಾಸ್ತಿ, ಒಣತೂಕದ ಮೂರನೇ ಒಂದು ಭಾಗಕ್ಕೂ ಮಿಗಿಲು. ಅಂದರೆ ಅದರಿಂದ ಕ್ಸೈಲೋಸ್ ಎಂಬ ಸಕ್ಕರೆ ಚೆನ್ನಾಗಿ ಬರುತ್ತದೆ. ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಸ್ವಲ್ಪ ಕಡಿಮೆ, ಆದರೆ ಮರಳಿನ ಸಿಲಿಕಾ ತುಂಬಾ. ಕತ್ತರಿಸುವ ಯಂತ್ರದ ಬ್ಲೇಡು ಬೇಗ ಮೊಂಡಾಗುತ್ತದೆ. ಕಾಫಿ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಲೋಳೆ ಅಂಟು ಮತ್ತು ಬಿಡಿ ಸಕ್ಕರೆ ಇದೆ, ಇದು ಒಳ್ಳೆಯದು. ಜೊತೆಗೆ ಕೆಫೀನ್, ಟ್ಯಾನಿನ್ ಕೂಡ ಇದೆ, ಇದು ಎಷ್ಟೋ ಬೂಸ್ಟುಗಳಿಗೆ ಆಗಿಬರುವುದಿಲ್ಲ. ಅಡಿಕೆ ಸಿಪ್ಪೆ ಇವುಗಳಲ್ಲೆಲ್ಲ ಮೊಂಡ. ಅದನ್ನು ಕೆಮಿಕಲ್ ಮಾಡುವ ಆಸೆ ಬಿಟ್ಟು ಗೊಬ್ಬರಕ್ಕೆ ಕಳಿಸುವುದೇ ಸರಿ ಅಂತ ನನ್ನ ಅಭಿಪ್ರಾಯ.

ಒಂದು ಟನ್ ಹುಲ್ಲಿನ ಲೆಕ್ಕ

ಒಂದು ಟನ್ ಒಣ ಭತ್ತದ ಹುಲ್ಲು ತಗೊಳ್ಳಿ. ಅದರಲ್ಲಿ ಸೆಲ್ಯುಲೋಸ್ ಸುಮಾರು 350 ಕಿಲೋ ಅಂತ ಇಟ್ಟುಕೊಳ್ಳೋಣ. ಸೆಲ್ಯುಲೋಸ್ ಒಡೆದು ಗ್ಲೂಕೋಸ್ ಆಗುವಾಗ ನೀರು ಸೇರಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಒಡೆದರೆ 390 ಕಿಲೋ ಹತ್ತಿರ ಬರಬೇಕು. ಪೂರ್ತಿ ಒಡೆಯುವುದು ಎಲ್ಲಿಯ ಮಾತು? ನೂರಕ್ಕೆ 75 ಸಿಕ್ಕರೆ ಚೆನ್ನಾಗಿ ಆಯಿತು ಅನ್ನಬೇಕು. ಅಂದರೆ 290 ಕಿಲೋ ಗ್ಲೂಕೋಸ್.

ಈ ಸಕ್ಕರೆಯನ್ನು ಯೀಸ್ಟಿಗೆ ಕೊಟ್ಟರೆ ಅರ್ಧಕ್ಕರ್ಧ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಒಂದು ಕಿಲೋ ಗ್ಲೂಕೋಸಿಗೆ ಹೆಚ್ಚೆಂದರೆ 510 ಗ್ರಾಂ ಎಥನಾಲ್. ಕೈಗೆ ಬರುವುದು ಟನ್ ಹುಲ್ಲಿಗೆ 165 ಲೀಟರ್ ಆಸುಪಾಸು. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿ 900 ಕೋಟಿಗೂ ಹೆಚ್ಚು ಸುರಿದು ಕಟ್ಟಿದ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ಅನ್ನುವುದು ಅದರ ಗುರಿ. ಭಾಗಿಸಿ ನೋಡಿ, ಟನ್ನಿಗೆ 150 ಲೀಟರ್. ನಮ್ಮ ಲೆಕ್ಕಕ್ಕೆ ಹತ್ತಿರವೇ ಇದೆ.

ಅದೇ 290 ಕಿಲೋ ಸಕ್ಕರೆಯಿಂದ ಸಿಟ್ರಿಕ್ ಆಮ್ಲ ಮಾಡಿದರೆ, ಎಲ್ಲವೂ ಸುಸೂತ್ರವಾಗಿ ನಡೆದರೆ, 230 ಕಿಲೋ ಬರಬಹುದು. ಆಮ್ಲದಲ್ಲಿ ಇಂಗಾಲ ಗಾಳಿಗೆ ಹೋಗುವುದು ಕಡಿಮೆ. ಕಾಗದದ ಮೇಲೆ ಎಥನಾಲಿಗಿಂತ ಇದೇ ವಾಸಿ ಅನಿಸುತ್ತದೆ, ಅಲ್ವಾ? ಆ "ಸುಸೂತ್ರವಾಗಿ ನಡೆದರೆ" ಅನ್ನುವ ಮಾತಿನಲ್ಲೇ ಎಲ್ಲ ಸಿಕ್ಕಿಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ 290 ಕಿಲೋ ಸಕ್ಕರೆ ಸುಮ್ನೆ ಬರುವುದಿಲ್ಲ. ಹುಲ್ಲನ್ನು ಕ್ಷಾರದಲ್ಲಿ ನೆನೆಸಬೇಕು, ಇಲ್ಲ ದುರ್ಬಲ ಆಮ್ಲದಲ್ಲಿ ಒತ್ತಡ ಕೊಟ್ಟು ಬೇಯಿಸಬೇಕು, ಇಲ್ಲ ಹಬೆ ತುಂಬಿ ಒಮ್ಮೆಲೇ ಒತ್ತಡ ಬಿಟ್ಟು ಸಿಡಿಸಬೇಕು. ಜಾಸ್ತಿ ಬೇಯಿಸಿದರೆ ಸಕ್ಕರೆಯೇ ಸುಟ್ಟು ಫರ್ಫ್ಯೂರಲ್‌ನಂಥ ವಿಷ ಹುಟ್ಟುತ್ತದೆ, ಬೂಸ್ಟು ಬೆಳೆಯುವುದೇ ಇಲ್ಲ. ಆಮೇಲೆ ಕಿಣ್ವ ಹಾಕಬೇಕು, ಅದಕ್ಕೆ ದುಡ್ಡು. ಇಟಲಿಯ ಕ್ರೆಶೆಂಟಿನೋದಲ್ಲಿ 2013ರಲ್ಲಿ ಶುರುವಾದ ದೊಡ್ಡ ಎಥನಾಲ್ ಘಟಕ 2017ರಲ್ಲಿ ನಿಂತಿತು. ಅಮೆರಿಕದ ಅಯೋವಾದಲ್ಲಿ ಡುಪಾಂಟ್ 2015ರಲ್ಲಿ ತೆರೆದ ಘಟಕದ ಕಥೆಯೂ ಎರಡೇ ವರ್ಷಕ್ಕೆ ಮುಗಿಯಿತು. ರೊಮೇನಿಯಾದಲ್ಲಿ ಕ್ಲಾರಿಯಂಟ್ ಗೋಧಿ ಹುಲ್ಲಿಗಾಗಿ ಕಟ್ಟಿದ್ದನ್ನು ಮುಚ್ಚುವುದಾಗಿ 2023ರಲ್ಲಿ ಹೇಳಿತು. ಇವರಿಗೆ ವಿಜ್ಞಾನಿಗಳ ಕೊರತೆಯೂ ಇರಲಿಲ್ಲ, ಬಂಡವಾಳದ ಕೊರತೆಯೂ ಇರಲಿಲ್ಲ. ಹಾಗಾಗಿ ಎಥನಾಲನ್ನು ಸಣ್ಣವರ ಪಟ್ಟಿಯಿಂದ ಇಲ್ಲೇ ಹೊಡೆದುಹಾಕುತ್ತೇನೆ.

ಆಮ್ಲಗಳು: ಆಸೆ ದೊಡ್ಡದು, ಕಾಟವೂ ದೊಡ್ಡದು

ಸಿಟ್ರಿಕ್ ಆಮ್ಲ ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವುದೇ. ಈಗ ಅದು ನಿಂಬೆಯಿಂದ ಬರುವುದಿಲ್ಲ. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕದ ವಿಜ್ಞಾನಿ ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟು ಸಕ್ಕರೆ ನೀರಿನಲ್ಲಿ ಇದನ್ನು ರಾಶಿ ರಾಶಿ ಮಾಡುತ್ತದೆ ಅಂತ ತೋರಿಸಿದರು. ಎರಡು ವರ್ಷದಲ್ಲಿ ಫೈಜರ್ ಕಂಪನಿ ಬ್ರೂಕ್ಲಿನ್‌ನಲ್ಲಿ ತಯಾರಿಕೆ ಶುರು ಮಾಡಿತು. ಹಳೆ ಈರುಳ್ಳಿ ಮೇಲೆ ಕಪ್ಪಗೆ ಪುಡಿ ಕಟ್ಟುವ ಬೂಸ್ಟಿನ ಜಾತಿಯೇ ಇದು.

ಆದರೆ ಈ ಬೂಸ್ಟಿಗೆ ಒಂದು ವಿಚಿತ್ರ ಹಠ ಇದೆ. ನೀರಿನಲ್ಲಿ ಮ್ಯಾಂಗನೀಸ್ ಇದ್ದರೆ ಆಮ್ಲ ಬಿಡುವುದಿಲ್ಲ, ಮೈ ಬೆಳೆಸಿಕೊಳ್ಳುತ್ತಾ ಕೂರುತ್ತದೆ. ಎಷ್ಟು ಮ್ಯಾಂಗನೀಸ್? ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಇದ್ದರೂ ಸಾಕು. ನಮ್ಮ ಭತ್ತ ಬೆಳೆಯುವುದು ನೀರು ನಿಂತ ಗದ್ದೆಯಲ್ಲಿ. ಅಂಥ ಮಣ್ಣಿನಲ್ಲಿ ಮ್ಯಾಂಗನೀಸ್ ಕರಗಿ ಗಿಡಕ್ಕೆ ಧಾರಾಳವಾಗಿ ಸಿಗುತ್ತದೆ, ಹುಲ್ಲಿನಲ್ಲಿ ಹೋಗಿ ಕೂರುತ್ತದೆ. ಅಂದರೆ ಭತ್ತದ ಹುಲ್ಲಿನ ಸಕ್ಕರೆ ನೀರು ಸಿಟ್ರಿಕ್ ಆಮ್ಲಕ್ಕೆ ಹೇಳಿ ಮಾಡಿಸಿದ ತೊಂದರೆ. ಅದನ್ನು ಶುದ್ಧ ಮಾಡುವ ಖರ್ಚಿನಲ್ಲಿ ಸಕ್ಕರೆಯನ್ನೇ ಕೊಂಡು ತರಬಹುದು.

ಇಷ್ಟಾಗಿ ಆಮ್ಲ ಬಂತು ಅಂದುಕೊಳ್ಳಿ. ಅದನ್ನು ಹರಳು ಮಾಡಬೇಕಲ್ಲ. ಹಳೆಯ ದಾರಿ ಅಂದರೆ ಸುಣ್ಣ ಹಾಕಿ ಕೆಳಗಿಳಿಸುವುದು, ಆಮೇಲೆ ಗಂಧಕಾಮ್ಲ ಹಾಕಿ ಬಿಡಿಸುವುದು. ಒಂದು ಟನ್ ಸಿಟ್ರಿಕ್ ಆಮ್ಲಕ್ಕೆ ಒಂದು ಟನ್ನಿಗೂ ಜಾಸ್ತಿ ಜಿಪ್ಸಂ ಉಳಿಯುತ್ತದೆ. ಕಸ ಕಡಿಮೆ ಮಾಡಲು ಹೊರಟು ಹೊಸ ಕಸದ ಗುಡ್ಡೆ ಹಾಕಿದಂತಾಯಿತು. ಜೊತೆಗೆ ಪ್ರಪಂಚದ ಮಾರುಕಟ್ಟೆ ತುಂಬಾ ಚೀನಾದ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಅಗ್ಗದ ಸರಕು.

ಇಟಕೋನಿಕ್ ಆಮ್ಲ ಮಾಡುವುದು ಆಸ್ಪರ್‌ಜಿಲಸ್ ಟೆರಿಯಸ್. ಬಣ್ಣ, ಅಂಟು, ಕಾಗದದ ಲೇಪನದ ಪಾಲಿಮರ್‌ಗಳಿಗೆ ಬೇಕಾಗುವ ಸರಕು. 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಸಸ್ಯಮೂಲದಿಂದ ಮಾಡಬೇಕಾದ 12 ಮುಖ್ಯ ರಾಸಾಯನಿಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ ಮೇಲೆ ಪ್ರಬಂಧಗಳ ಮಹಾಪೂರವೇ ಬಂತು. ಬೆಲೆ ಸಿಟ್ರಿಕ್‌ಗಿಂತ ಚೆನ್ನಾಗಿದೆ, ಆದರೆ ಕೊಳ್ಳುವವರು ಬೆರಳೆಣಿಕೆಯಷ್ಟು. ಮ್ಯಾಂಗನೀಸ್ ಕಾಟ ಇದಕ್ಕೂ ಇದೆ.

ರೈಜೋಪಸ್ ಒರೈಜೆ ಕೊಡುವ ಲ್ಯಾಕ್ಟಿಕ್ ಆಮ್ಲ ನಡುವಿನ ದಾರಿ. ಇದರ ಒಳ್ಳೆಯ ಗುಣ ಅಂದರೆ ಗ್ಲೂಕೋಸ್ ಜೊತೆಗೆ ಕ್ಸೈಲೋಸನ್ನೂ ತಿನ್ನುತ್ತದೆ, ಹಾಗಾಗಿ ಮೆಕ್ಕೆಜೋಳದ ದಿಂಡಿಗೆ ಹೊಂದುತ್ತದೆ. ಪ್ಲಾಸ್ಟಿಕ್ ಮಾಡುವವರಿಗೆ ಬೇಕಾದ ಎಲ್ ಬಗೆಯನ್ನೇ (ಈ ಆಮ್ಲದ ಎರಡು ರೂಪಗಳಲ್ಲಿ ಒಂದು) ಕೊಡುತ್ತದೆ. ಕೆಟ್ಟ ಗುಣ, ಟ್ಯಾಂಕಿನೊಳಗೆ ನೂಲಿನಂತೆ ಬೆಳೆದು ಕಲಕುವ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಗುಂಡಗೆ ಸಣ್ಣ ಉಂಡೆಗಳಾಗಿ ಬೆಳೆಯುವ ಹಾಗೆ ಪಳಗಿಸುವುದೇ ಒಂದು ವಿದ್ಯೆ. ಹೆಚ್ಚಿನ ಕಾರ್ಖಾನೆಗಳು ಈಗಲೂ ಲ್ಯಾಕ್ಟಿಕ್ ಆಮ್ಲಕ್ಕೆ ಬ್ಯಾಕ್ಟೀರಿಯಾವನ್ನೇ ನೆಚ್ಚಿಕೊಂಡಿರುವುದು ಸುಮ್ನೆ ಅಲ್ಲ. ಫ್ಯೂಮರಿಕ್ ಆಮ್ಲವನ್ನೂ ರೈಜೋಪಸ್‌ನಿಂದ 1940ರ ದಶಕದಲ್ಲಿ ಮಾಡುತ್ತಿದ್ದರು. ಪೆಟ್ರೋಲಿಯಂನಿಂದ ಅಗ್ಗಕ್ಕೆ ಬರತೊಡಗಿದ ಮೇಲೆ ಬಿಟ್ಟರು.

ದಿಂಡಿನ ಕ್ಸೈಲೋಸನ್ನು ಕ್ಯಾಂಡಿಡಾ ಜಾತಿಯ ಯೀಸ್ಟಿಗೆ ಕೊಟ್ಟು ಕ್ಸೈಲಿಟಾಲ್ ಮಾಡುವುದು ಇನ್ನೊಂದು ದಾರಿ. ಚ್ಯೂಯಿಂಗ್ ಗಮ್‌ಗೆ ಹಾಕುವ ಸಿಹಿ ಅದು. ಸರಕು ಒಳ್ಳೆಯದೇ. ಆದರೆ ತಿನ್ನುವ ವಸ್ತು ಆದ್ದರಿಂದ ಹರಳು ಅಪ್ಪಟ ಶುದ್ಧವಾಗಿರಬೇಕು. ಸಣ್ಣ ಘಟಕಕ್ಕೆ ಭಾರ.

ಕಿಣ್ವ: ಶುದ್ಧ ಮಾಡದೆ ಮಾರಬಹುದಾದ ಸರಕು

ಇಲ್ಲಿ ನನ್ನ ಒಲವು ಯಾವ ಕಡೆ ಅಂತ ನಿಮಗೆ ಗೊತ್ತಾಗಿರಬೇಕು. ಮೇಲಿನ ಎಲ್ಲ ದಾರಿಗಳಲ್ಲೂ ಬೂಸ್ಟಿಗೆ ಬಿಡಿ ಸಕ್ಕರೆ ಮಾಡಿ ಕೊಡುವುದು ನಿಮ್ಮ ಪಾಡು. ಕಿಣ್ವ ತೆಗೆಯುವಾಗ ನಾರನ್ನು ಒಡೆಯುವುದು ಬೂಸ್ಟಿನ ಪಾಡು. ಗಟ್ಟಿ ನಾರು ಸಿಕ್ಕಿದಷ್ಟೂ ಅದನ್ನು ಕರಗಿಸಲು ಕಿಣ್ವ ಬಿಡುತ್ತದೆ. ನಮಗೆ ಬೇಕಾದದ್ದೂ ಅದೇ.

ಸೆಲ್ಯುಲೋಸ್ ಒಡೆಯುವ ಕಿಣ್ವ ಸೆಲ್ಯುಲೇಸ್. ಅದಕ್ಕೆ ಪ್ರಸಿದ್ಧವಾದದ್ದು ಟ್ರೈಕೋಡರ್ಮಾ ರೀಸೈ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರ ಹತ್ತಿ ಬಟ್ಟೆಯ ಡೇರೆಗಳನ್ನು ತಿಂದುಹಾಕಿದ ಬೂಸ್ಟು ಇದು. ಇದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಅವರ ಹೆಸರನ್ನೇ 1977ರಲ್ಲಿ ಇದಕ್ಕೆ ಇಟ್ಟರು. ನಮ್ಮ ರೈತರು ಕಾಳುಮೆಣಸಿನ ಬುಡಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ಹಾಕುವ ಟ್ರೈಕೋಡರ್ಮಾ ಇದರ ದಾಯಾದಿ. ಆದರೆ ಆ ಪ್ಯಾಕೆಟ್ಟನ್ನೇ ತಂದು ಕಿಣ್ವ ತೆಗೆಯಲು ಹೋಗಬೇಡಿ, ತಳಿ ಬೇರೆ.

ಕಾಫಿ ಸಿಪ್ಪೆ ಇದ್ದವರಿಗೆ ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಸರಿ. ಆಸ್ಪರ್‌ಜಿಲಸ್ ನೈಜರ್ ಇದನ್ನು ಚೆನ್ನಾಗಿ ಕೊಡುತ್ತದೆ. ಹಣ್ಣಿನ ರಸ ತಿಳಿ ಮಾಡುವವರಿಗೆ ಇದು ಬೇಕು. ಕಾಫಿ ಬೀಜದ ಮೇಲಿನ ಲೋಳೆ ಬಿಡಿಸಲೂ ಆಗುತ್ತದೆ, ಅಂದರೆ ಎಸ್ಟೇಟಿನ ಸಿಪ್ಪೆಯಿಂದ ಆದದ್ದು ಎಸ್ಟೇಟಿಗೇ ವಾಪಸ್ಸು. ಒಂದೇ ತಕರಾರು: ಹಸಿ ಸಿಪ್ಪೆ ಒಂದೆರಡು ದಿನಕ್ಕೆ ಕೊಳೆತು ನಾರುತ್ತದೆ. ಕೊಯ್ಲಿನ ಸಮಯದಲ್ಲಿ ಒಣಗಿಸುವ ಕಣ ಬಿಡುವಿರುವುದಿಲ್ಲ, ಅದರ ತುಂಬಾ ಕಾಫಿ ಹರವಿರುತ್ತಾರೆ. ಸಿಪ್ಪೆ ಒಣಗಿಸಲು ಬೇರೆ ಜಾಗ ಇದ್ದರೆ ಮಾತ್ರ ಕೈ ಹಾಕಿ.

ಟ್ಯಾಂಕೋ, ಟ್ರೇಯೋ?

ಟ್ಯಾಂಕಿನಲ್ಲಿ ನೀರು ತುಂಬಿ, ಗಾಳಿ ಊದಿ, ಕಲಕುತ್ತಾ ಬೆಳೆಸುವುದು ಒಂದು ಬಗೆ. ತೇವ ಮಾಡಿದ ಹುಲ್ಲನ್ನೇ ಟ್ರೇಗಳಲ್ಲಿ ಹರವಿ ಬೆಳೆಸುವುದು ಇನ್ನೊಂದು. ಎರಡನೆಯದನ್ನು ಘನ ಹುದುಗು ಅನ್ನುತ್ತಾರೆ. ಜಪಾನಿನ ಜೋಕಿಚಿ ತಕಾಮಿನೆ ಗೋಧಿ ಬೂಸಾದ ಮೇಲೆ ಬೂಸ್ಟು ಬೆಳೆಸಿ ಕಿಣ್ವ ತೆಗೆದು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1894ರಲ್ಲಿ. ನಮ್ಮಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬಿ.ಕೆ. ಲೋನ್ಸಾನೆ ಮತ್ತು ಅವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ದುಡಿದರು. ಕಾಫಿ ಹೊಟ್ಟಿನ ಮೇಲೆ ಸಿಟ್ರಿಕ್ ಆಮ್ಲ ಬರಿಸಿದರು. ಟ್ರೇಯಲ್ಲಿ ಬೆಳೆದ ನೈಜರ್ ಬೂಸ್ಟು ಲೋಹಗಳನ್ನು ಟ್ಯಾಂಕಿನಲ್ಲಿರುವುದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಅಂತಲೂ ತೋರಿಸಿದರು. ಮೇಲೆ ಹೇಳಿದ ಮ್ಯಾಂಗನೀಸ್ ಕಾಟಕ್ಕೆ ಇದೊಂದು ಉತ್ತರ. ಹರಳು ಮಾಡುವ ತಲೆನೋವು ಮಾತ್ರ ಹಾಗೇ ಇರುತ್ತದೆ.

1978ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಯೋಕಾನ್ ಕೂಡ ಮೊದಲು ಕಿಣ್ವದ ಕಂಪನಿ. ಜಪಾನಿನ ಪದ್ಧತಿ ನೋಡಿ ಟ್ರೇಗಳಲ್ಲೇ ಬೂಸ್ಟು ಬೆಳೆಸುವ ವ್ಯವಸ್ಥೆ ಕಟ್ಟಿತು. ಆ ಕಿಣ್ವದ ವ್ಯವಹಾರವನ್ನು 2007ರಲ್ಲಿ ಡೆನ್ಮಾರ್ಕಿನ ಕಿಣ್ವ ಕಂಪನಿ ನೊವೊಜೈಮ್ಸ್‌ಗೆ ಮಾರಿತು. ಟ್ರೇ ಅಂದರೆ ಹಳ್ಳಿ ಮಟ್ಟದ ಆಟಿಕೆ ಅಂತ ಮೂಗು ಮುರಿಯುವವರಿಗೆ ಈ ಮಾತು ಹೇಳಬೇಕು.

ಟ್ರೇ ಹೇಗಿರುತ್ತದೆ ನೋಡೋಣ. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಸ್ವಲ್ಪ ಗೋಧಿ ಬೂಸಾ, ಸಾರಜನಕಕ್ಕೆ ಒಂದಿಷ್ಟು ಅಮೋನಿಯಂ ಸಲ್ಫೇಟ್ ಸೇರಿಸಿ, ನೂರಕ್ಕೆ 65-70 ತೇವ ಬರುವ ಹಾಗೆ ನೀರು ಹಾಕುತ್ತಾರೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ಆವಿಯಲ್ಲಿ ಬೇಯಿಸಿ, ಆರಿಸಿ, ಬೀಜಾಣು ಕಲಸಿ, ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರವುತ್ತಾರೆ. ಮೊದಲ ದಿನ ಏನೂ ಕಾಣುವುದಿಲ್ಲ. ಎರಡನೇ ದಿನ ಬಿಳಿ ನವಿರು ಎದ್ದು ಹುಲ್ಲಿನ ಚೂರುಗಳೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಗಲೇ ಬಿಸಿ ಏರುವುದು. ಮೊಳಕೆ ಕಟ್ಟಿದ ಹೆಸರುಕಾಳಿನ ಗಂಟಿನೊಳಗೆ ಬೆರಳಿಟ್ಟರೆ ಬೆಚ್ಚಗಿರುತ್ತದಲ್ಲ, ಹಾಗೆ. ದಪ್ಪ ಹರವಿದ್ದರೆ ನಡುಭಾಗ 40 ಡಿಗ್ರಿ ದಾಟಿ ಬೂಸ್ಟು ತನ್ನ ಬಿಸಿಗೆ ತಾನೇ ಸೋಲುತ್ತದೆ. ಮುಚ್ಚಳದ ಒಳಗೆ ಹನಿ ಕಟ್ಟಿ ಅಂಚಿಗೆ ಇಳಿದರೆ ಅಲ್ಲಿ ಬ್ಯಾಕ್ಟೀರಿಯಾ ಸೇರಿ ಲೋಳೆ, ಹುಳಿ ವಾಸನೆ. ಟ್ರೇ ಪದ್ಧತಿಯ ಮುಖ್ಯ ಕಷ್ಟ ಬಿಸಿ ತೆಗೆಯುವುದು. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಕೋಣೆಯನ್ನು 28-30 ಡಿಗ್ರಿಯಲ್ಲಿ ಇಡಲು ಎಷ್ಟು ಕರೆಂಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ.

ಐದಾರು ದಿನಕ್ಕೆ ಟ್ರೈಕೋಡರ್ಮಾ ಹಸಿರಾಗುತ್ತದೆ, ಅಂದರೆ ಬೀಜಾಣು ಕಟ್ಟಿತು. ಕಿಣ್ವ ಯಾವ ದಿನ ಜಾಸ್ತಿ ಇರುತ್ತದೆ ಅಂತ ದಿನಾ ಒಂದೊಂದು ಟ್ರೇ ತೆಗೆದು ಅಳೆದೇ ತಿಳಿಯಬೇಕು. ಆಮೇಲೆ ನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿದರೆ ಕಂದು ಬಣ್ಣದ ತಿಳಿ. ಅದೇ ಸರಕು. ಅಳತೆಗೆ ಹಳೆಯ ವಿಧಾನ ಇದೆ: 50 ಮಿಲಿಗ್ರಾಂ ಫಿಲ್ಟರ್ ಪೇಪರ್ ಪಟ್ಟಿಯನ್ನು ಈ ತಿಳಿಯಲ್ಲಿ 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಿಟ್ಟ ಸಕ್ಕರೆ ಎಷ್ಟು ಅಂತ ನೋಡುವುದು. ಸಕ್ಕರೆ ಅಳೆಯಲು ಬೆರೆಸುವ ಹಳದಿ ದ್ರಾವಣ ಕಿತ್ತಳೆ, ಕೆಂಗಂದು ಆದಷ್ಟೂ ಕಿಣ್ವ ಚುರುಕು. ಕಾಲೇಜು ಲ್ಯಾಬಿನಲ್ಲೇ ಮಾಡಬಹುದು.

ಕೊಳ್ಳುವವರು ಹತ್ತಿರದಲ್ಲಿದ್ದಾರಾ?

ಬಳ್ಳಾರಿಯನ್ನೇ ನೋಡಿ. ಒಂದು ಕಡೆ ಸಿರುಗುಪ್ಪದ ಭತ್ತದ ಗದ್ದೆಗಳು. ಇನ್ನೊಂದು ಕಡೆ ನಗರದಲ್ಲಿ ಜೀನ್ಸ್ ಹೊಲಿದು ತೊಳೆಯುವ ಘಟಕಗಳು. ಜೀನ್ಸ್‌ಗೆ ಹಳೆಯದಾದ ನೋಟ ಬರಿಸಲು ಮೊದಲು ಪ್ಯೂಮಿಸ್ ಎಂಬ ಹಗುರ, ಒರಟು ಕಲ್ಲು ಹಾಕಿ ಉರುಳಿಸುತ್ತಿದ್ದರು. ಈಗ ಸೆಲ್ಯುಲೇಸ್ ಬಳಸುತ್ತಾರೆ. ಅದು ಹತ್ತಿ ನೂಲಿನ ಮೇಲ್ಪದರವನ್ನು ಸವೆಸುತ್ತದೆ, ನೀಲಿ ಬಿಡುತ್ತದೆ. ಈ ಕೆಲಸಕ್ಕೆ ಅಪ್ಪಟ ಶುದ್ಧ ಕಿಣ್ವ ಬೇಕಿಲ್ಲ. ಸೋಸಿದ ತಿಳಿ ಸಾಕು, ದೂರ ಸಾಗಿಸಬೇಕಿಲ್ಲ, ಒಣಗಿಸಬೇಕಿಲ್ಲ.

ತೊಡಕು ಇಲ್ಲ ಅಂತಲ್ಲ. ಟ್ರೈಕೋಡರ್ಮಾ ಕಿಣ್ವ ಹುಳಿ ನೀರಿನಲ್ಲಿ, ಪಿಎಚ್ 5ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಆಗ ಬಿಟ್ಟ ನೀಲಿ ಬಣ್ಣ ಜೇಬಿನ ಬಿಳಿ ಬಟ್ಟೆಗೆ, ಒಳಮೈಗೆ ವಾಪಸ್ ಹತ್ತುತ್ತದೆ. ಈ ವಿಷಯದಲ್ಲಿ ಹ್ಯುಮಿಕೋಲಾ ಬೂಸ್ಟಿನ ತಟಸ್ಥ ಕಿಣ್ವ ವಾಸಿ. ಹುಲ್ಲಿನ ಕಂದು ಬಣ್ಣವೂ ಬಟ್ಟೆಗೆ ಹತ್ತಬಹುದು. ಹಾಗಾಗಿ ಮೊದಲು ಗಾಢ ಬಣ್ಣದ ಜೀನ್ಸ್ ತೊಳೆಯುವವರನ್ನು ಹಿಡಿದು ಚೂರು ಬಟ್ಟೆಯ ಮೇಲೆ ತೋರಿಸಿ. ಅವರು ಒಪ್ಪಿದರೆ ಮುಂದಿನ ಮಾತು.

ಕೋಳಿ ಆಹಾರಕ್ಕೆ ಹೆಮಿಸೆಲ್ಯುಲೋಸ್ ಒಡೆಯುವ ಕ್ಸೈಲನೇಸ್ ಕಿಣ್ವ ಕೂಡ ಕೇಳುತ್ತಾರೆ, ದಿಂಡಿನ ಮೇಲೆ ಅದು ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ಪುಡಿ ಬೇಕು, ಪ್ರತಿ ಬ್ಯಾಚಿಗೂ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷದ ಪರೀಕ್ಷೆ ಬೇಕು.

ಹಾಗಾದರೆ ಯಾರಿಗೆ ಯಾವುದು?

ದುಡ್ಡೂ ಇಲ್ಲ, ಲ್ಯಾಬೂ ಇಲ್ಲ ಅನ್ನುವವರು ಸಿಂಪಿ ಅಣಬೆಯಿಂದ ಶುರು ಮಾಡಿ. ಭತ್ತದ ಹುಲ್ಲು, ಅಡಿಕೆ ಹಾಳೆ ಎರಡರ ಮೇಲೂ ಬರುತ್ತದೆ. ಕೆಮಿಕಲ್ ಅಲ್ಲ, ಆದರೆ ತೇವ, ಬಿಸಿ, ಸ್ವಚ್ಛತೆ ಈ ಮೂರೂ ಕೈಗೆ ಹತ್ತುತ್ತವೆ. ಅಣಬೆ ತೆಗೆದ ಮೇಲೆ ಉಳಿದ ಚೀಲದಲ್ಲಿ ಲ್ಯಾಕೇಸ್ ಎಂಬ ಕಿಣ್ವ ಇರುತ್ತದೆ. ಬಣ್ಣದ ನೀರಿನ ಮೇಲೆ ಪ್ರಯೋಗ ಮಾಡುವವರಿಗೆ ಅದೇ ಒಳ್ಳೆಯ ಪ್ರಾಜೆಕ್ಟ್.

ಒಬ್ಬಿಬ್ಬರು ಬಯೋಟೆಕ್ ಓದಿದವರು, ಒಂದು ತಂಪಾದ ಕೋಣೆ, ಹತ್ತಿರದಲ್ಲೇ ಗಿರಾಕಿ ಇದ್ದರೆ ಟ್ರೇ ಪದ್ಧತಿಯ ಕಿಣ್ವ. ಸಕ್ಕರೆ ಕಾರ್ಖಾನೆಯ ಜೊತೆ ಒಪ್ಪಂದ ಇರುವವರು, ಹಬೆ ಮತ್ತು ಟ್ಯಾಂಕು ಎರಡೂ ಸಿಗುವವರು ಲ್ಯಾಕ್ಟಿಕ್ ಆಮ್ಲ ಯೋಚಿಸಬಹುದು. ಆದರೆ ಅಂಥವರ ಹತ್ತಿರ ಕಾಕಂಬಿಯೂ ಇರುತ್ತದೆ, ಅದರಲ್ಲಿ ಸಕ್ಕರೆ ಆಗಲೇ ಬಿಡಿಯಾಗಿದೆ. ಹುಲ್ಲಿನ ಸಕ್ಕರೆ ಅದಕ್ಕಿಂತ ಅಗ್ಗಕ್ಕೆ ಬಿದ್ದರೆ ಮಾತ್ರ ಹುಲ್ಲು. ಇಟಕೋನಿಕ್ ಆಮ್ಲವನ್ನು ಸಂಶೋಧನೆ ಮಾಡುವವರಿಗೇ ಬಿಟ್ಟುಬಿಡೋಣ.

ತಳಿಯನ್ನು ಮಾತ್ರ ಗೊತ್ತಿರುವ ಜಾಗದಿಂದಲೇ ತನ್ನಿ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ತಳಿ ಸಂಗ್ರಹ ಕೇಂದ್ರಗಳಲ್ಲಿ ಸಿಗುತ್ತವೆ. ಬ್ರೆಡ್ಡಿನ ಮೇಲೆ ಬಂದದ್ದನ್ನು ಬೆಳೆಸಿ ನೋಡೋಣ ಅಂತ ಹೊರಟರೆ ಆಸ್ಪರ್‌ಜಿಲಸ್ ಫ್ಲೇವಸ್ ಬಂದು ಕೂರಬಹುದು. ಅಫ್ಲಾಟಾಕ್ಸಿನ್ ಮಾಡುವುದು ಅದೇ. ನೈಜರ್ ತಳಿಗಳಲ್ಲೂ ಕೆಲವು ವಿಷ ಮಾಡುತ್ತವೆ. ಟ್ರೇ ಬಿಚ್ಚುವಾಗ ಮಾಸ್ಕ್ ಬೇಕೇ ಬೇಕು, ಕಪ್ಪು ಪುಡಿ ಎದೆಗೆ ಒಳ್ಳೆಯದಲ್ಲ. ಕಿಣ್ವವನ್ನು ಆದಷ್ಟು ದ್ರವವಾಗಿಯೇ ಮಾರಿ. 1960ರ ದಶಕದ ಕೊನೆಗೆ ಸೋಪಿನ ಪುಡಿಗೆ ಕಿಣ್ವ ಬೆರೆಸುತ್ತಿದ್ದ ಕಾರ್ಖಾನೆಗಳಲ್ಲಿ ಕೆಲಸದವರಿಗೆ ಅಸ್ತಮಾ ಬಂದದ್ದು ಅದರ ದೂಳಿನಿಂದಲೇ. ಹಿಂಡಿ ಉಳಿದ ಹುಲ್ಲನ್ನು ಇನ್ನೊಮ್ಮೆ ಆವಿಯಲ್ಲಿ ಬೇಯಿಸಿ, ಆಮೇಲೆ ತಿಪ್ಪೆಗೆ ಹಾಕಿ.